ದುಡುಕಿದ ನಾಯಕರಿಗೆ ಮರ್ಯಾದೆಯಿಂದ ‘ಬೇಡ’ ಅನ್ನುವುದು ಹೇಗೆ? ಸೌಲನ ಆಣೆಯಿಂದ ಕಲಿಯೋಣ

ಬೈಬಲಿನ 1 ಸಮುವೇಲ 14ನೇ ಅಧ್ಯಾಯವನ್ನು ನಾವು ಹೆಚ್ಚಾಗಿ ಯೋನಾತಾನನ ಧೈರ್ಯದ ಕಥೆಯಾಗಿ ಓದುತ್ತೇವೆ. ಸಂಡೇಸ್ಕೂಲಿನಲ್ಲಿ ಹೇಳುವುದೂ ಅಷ್ಟೇ. ಯೋನಾತಾನ ಮತ್ತು ಅವನ ಆಯುಧ ಹೊರುವ ಹುಡುಗ ಇಬ್ಬರೇ ಬಂಡೆ ಹತ್ತಿ ಹೋದರು, ಫಿಲಿಷ್ಟಿಯರ ಕಾವಲು ಠಾಣೆಯಲ್ಲಿ ಸುಮಾರು ಇಪ್ಪತ್ತು ಜನರನ್ನು ಕೆಡವಿದರು, ಶತ್ರುಗಳ ದಂಡು ದಿಕ್ಕಾಪಾಲಾಯಿತು. ಅಲ್ಲಿಗೆ ಪುಸ್ತಕ ಮುಚ್ಚುತ್ತೇವೆ. ಆದರೆ 24ನೇ ವಚನದಿಂದ ಇನ್ನೊಂದು ಕಥೆ ಶುರುವಾಗುತ್ತದೆ. ಇಸ್ರಾಯೇಲಿನ ರಾಜ ಸೌಲ ಆವೇಶದಲ್ಲಿ ಒಂದು ಮಾತು ಆಡುತ್ತಾನೆ. ಅವತ್ತೇ ಆ ಮಾತು ಅವನ ಸ್ವಂತ ಮಗ ಯೋನಾತಾನನ ಕುತ್ತಿಗೆಗೆ ಬರುತ್ತದೆ. ಕೊನೆಗೆ ಆ ಮಗನನ್ನು ಉಳಿಸುವುದು ಸಾಮಾನ್ಯ ಸಿಪಾಯಿಗಳು, ಕತ್ತಿ ಎತ್ತದೆ, ಬರೀ ಮಾತಿನಿಂದ.

ಸಭೆಯ ಕಮಿಟಿಯಲ್ಲಿ ಕೂರುವವರು, ಯೂತ್ (ಯುವಜನರ ಕೂಟ) ನಡೆಸುವವರು, ಯಾವುದೋ ಸಂಘದಲ್ಲಿ ಹಿರಿಯರ ಕೈಕೆಳಗೆ ದುಡಿಯುವವರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ತೀರ್ಮಾನ ತಪ್ಪು ಅಂತ ಒಳಗೆ ಅನಿಸುತ್ತದೆ. ಹೇಳಿದರೆ ಅಗೌರವ ಆಗುತ್ತದೇನೋ ಅಂತ ಬಾಯಿ ಕಟ್ಟುತ್ತದೆ. ದೊಡ್ಡವರು ಹೇಳಿದ ಮೇಲೆ ಮುಗೀತು ಅನ್ನುವ ಮನೆಗಳಲ್ಲಿ ಬೆಳೆದವರಿಗೆ ಇದು ಇನ್ನೂ ಕಷ್ಟ. ನನ್ನ ಮಟ್ಟಿಗೆ ಸುಮ್ಮನಿರುವುದು ಬೇರೆ, ಮರ್ಯಾದೆ ಕೊಡುವುದು ಬೇರೆ. ಸೌಲನ ಕಥೆಯಲ್ಲಿ ಇವೆರಡರ ಅಂತರ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ.

ಮೊದಲ ಹೆಜ್ಜೆ: ಅಧ್ಯಾಯ ಪೂರ್ತಿ ಓದಿ, ಯಾರು ಎಲ್ಲಿ ಸುಮ್ಮನಾದರು ಅಂತ ಗುರುತು ಹಾಕಿ

ಪೆನ್ಸಿಲ್ ಹಿಡಿದು 13 ಮತ್ತು 14ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. 13ನ್ನು ಬಿಡಬೇಡಿ. ಸೌಲ ಎಂಥ ಒತ್ತಡದಲ್ಲಿದ್ದ ಅಂತ ಅಲ್ಲಿ ಗೊತ್ತಾಗುತ್ತದೆ. ಅವನ ಜೊತೆ ಉಳಿದಿದ್ದವರು ಸುಮಾರು 600 ಜನ. ಇಸ್ರಾಯೇಲಿನಲ್ಲಿ ಆಗ ಕಮ್ಮಾರರೇ ಇರಲಿಲ್ಲ. ನೇಗಿಲ ಗುಳ ಹರಿತ ಮಾಡಿಸಬೇಕಾದರೂ ಫಿಲಿಷ್ಟಿಯರ ಹತ್ತಿರ ಹೋಗಿ ದುಡ್ಡು ತೆರಬೇಕಿತ್ತು. ಯುದ್ಧದ ದಿನ ಕತ್ತಿ, ಈಟಿ ಇದ್ದದ್ದು ಸೌಲ ಮತ್ತು ಯೋನಾತಾನ ಇಬ್ಬರ ಕೈಯಲ್ಲಿ ಮಾತ್ರ. ಅದಕ್ಕೂ ಮೊದಲು ಗಿಲ್ಗಾಲಿನಲ್ಲಿ ಪ್ರವಾದಿ ಸಮುವೇಲನಿಗಾಗಿ ಏಳು ದಿನ ಕಾದು, ಜನ ಚದುರುವುದನ್ನು ನೋಡಿ, ಸೌಲ ತಾನೇ ಹೋಮ ಮಾಡಿ ಬೈಸಿಕೊಂಡಿದ್ದ. ಇಷ್ಟೆಲ್ಲ ಹೆದರಿಕೆ ಹೊತ್ತುಕೊಂಡ ಮನುಷ್ಯ ಅವನು. ಹೆದರಿಕೆಗೇ ದುಡುಕುವ ಮುಖಂಡರು ಬಹಳ ಜನ ಇದ್ದಾರೆ. ಇದು ಮನಸ್ಸಿನಲ್ಲಿದ್ದರೆ ಅವರ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಈಗ 14ಕ್ಕೆ ಬನ್ನಿ. ಶತ್ರುಗಳು ಓಡುತ್ತಿದ್ದಾರೆ, ಬೆನ್ನಟ್ಟಬೇಕು. ಆಗ ಸೌಲ ಜನರಿಂದ ಆಣೆ ಮಾಡಿಸುತ್ತಾನೆ. ಸಾಯಂಕಾಲದ ತನಕ, ನಾನು ನನ್ನ ಶತ್ರುಗಳಿಗೆ ಮುಯ್ಯಿ ತೀರಿಸುವ ತನಕ, ಊಟ ಮಾಡಿದವನಿಗೆ ಶಾಪ. ಸೈನ್ಯ ಕಾಡಿನೊಳಗೆ ನುಗ್ಗುತ್ತದೆ. ಅಲ್ಲಿ ನೆಲದ ಮೇಲೆ ಜೇನು, ಸುರಿಯುವಷ್ಟು. ಒಬ್ಬನೂ ಕೈಯನ್ನು ಬಾಯಿಗೆ ಒಯ್ಯುವುದಿಲ್ಲ, ಆಣೆಯ ಭಯ. ಯೋನಾತಾನ ಆಣೆ ಹಾಕುವಾಗ ಅಲ್ಲಿರಲಿಲ್ಲ. ಕೈಯಲ್ಲಿದ್ದ ಕೋಲನ್ನು ಚಾಚಿ, ಅದರ ತುದಿಯನ್ನು ಜೇನುಗೂಡಿಗೆ ಅದ್ದಿ, ನೆಕ್ಕುತ್ತಾನೆ. ಅವನ ಕಣ್ಣು ಕಳೆಗಟ್ಟಿತು ಅಂತ ಬರೆದಿದೆ. ಆಗ ಪಕ್ಕದವನೊಬ್ಬ ಹೇಳುತ್ತಾನೆ: ನಿಮ್ಮ ತಂದೆ ಹೀಗೆ ಆಣೆ ಹಾಕಿದ್ದಾರೆ, ಅದಕ್ಕೇ ಜನ ಸುಸ್ತಾಗಿದ್ದಾರೆ.

ಮುಂದೆ ಏನಾಯಿತು ನೋಡಿ. ಮಿಕ್ಮಾಷಿನಿಂದ ಅಯ್ಯಾಲೋನಿನ ತನಕ ಬೆನ್ನಟ್ಟಿದರು. ಬೆಟ್ಟದ ದಾರಿ, ಸುಮಾರು 30 ಕಿಲೋಮೀಟರ್, ಹೊಟ್ಟೆಗೆ ಏನೂ ಇಲ್ಲ. ಹಸಿದ ಜನ ಕೊಳ್ಳೆಯ ಮೇಲೆ ಬಿದ್ದರು. ಕುರಿ, ದನ, ಕರು ಸಿಕ್ಕಿದ್ದನ್ನು ನೆಲದ ಮೇಲೇ ಕೊಯ್ದು ರಕ್ತ ಸಮೇತ ತಿಂದರು. ದೇವರ ಹೆಸರಲ್ಲಿ ಹಾಕಿದ ಕಟ್ಟುನಿಟ್ಟು ದೇವರ ನಿಯಮವನ್ನೇ ಮುರಿಯುವಲ್ಲಿಗೆ ಬಂತು. ಅದಕ್ಕೂ ಸೌಲ ಬೈದದ್ದು ಜನರನ್ನೇ: ನೀವು ದ್ರೋಹ ಮಾಡಿದಿರಿ. ತನ್ನ ಆಣೆಯ ಕಡೆ ಅವನ ಗಮನ ಹೋಗಲೇ ಇಲ್ಲ.

ಪೆನ್ಸಿಲ್ ಗುರುತು ಬೇಕಾದದ್ದು ಇಲ್ಲಿಂದ ಮುಂದೆ. 36ನೇ ವಚನದಲ್ಲಿ ಸೌಲ, ರಾತ್ರಿಯೇ ಹೋಗಿ ಉಳಿದವರನ್ನೂ ಮುಗಿಸೋಣ ಅನ್ನುತ್ತಾನೆ. ಜನ ಹೇಳುತ್ತಾರೆ: ನಿಮಗೆ ಸರಿ ಕಂಡದ್ದು ಮಾಡಿ. ದೇವರನ್ನು ಕೇಳಿದರೆ ಉತ್ತರ ಬರುವುದಿಲ್ಲ, ಯಾರೋ ತಪ್ಪು ಮಾಡಿದ್ದಾರೆ ಅಂತ ಸೌಲ ಅಂದುಕೊಳ್ಳುತ್ತಾನೆ. 39ರಲ್ಲಿ, ತಪ್ಪು ಮಾಡಿದವನು ನನ್ನ ಮಗ ಯೋನಾತಾನನೇ ಆಗಿದ್ದರೂ ಸಾಯಬೇಕು ಅನ್ನುತ್ತಾನೆ. ಒಬ್ಬನೂ ಬಾಯಿ ಬಿಡುವುದಿಲ್ಲ. ಜೇನು ತಿಂದವನು ಯಾರು ಅಂತ ಆ ಗುಂಪಿನಲ್ಲಿ ಗೊತ್ತಿದ್ದವರು ಇದ್ದೇ ಇದ್ದರು ಅಲ್ವಾ? 40ರಲ್ಲಿ ಚೀಟು ಹಾಕಲು ಎರಡು ಗುಂಪು ಮಾಡುತ್ತಾನೆ. ಜನ ಮತ್ತೆ ಅದೇ ಮಾತು: ನಿಮಗೆ ಸರಿ ಕಂಡದ್ದು ಮಾಡಿ. ಚೀಟು ಯೋನಾತಾನನ ಹೆಸರಿಗೆ ಬರುತ್ತದೆ. ಕೋಲಿನ ತುದಿಯಿಂದ ಸ್ವಲ್ಪ ಜೇನು ರುಚಿ ನೋಡಿದೆ, ಇಗೋ ಸಾಯಲು ಸಿದ್ಧ ಅನ್ನುತ್ತಾನೆ ಅವನು. ಸೌಲ ಇನ್ನೊಂದು ಆಣೆ ಹಾಕುತ್ತಾನೆ: ನೀನು ಸಾಯಲೇಬೇಕು. 45ರಲ್ಲಿ, ಕೊನೆಗೂ, ಜನ ‘ಆಗದು’ ಅನ್ನುತ್ತಾರೆ.

ಎರಡು ಸಲ ‘ನಿಮ್ಮ ಇಷ್ಟ’, ಒಂದು ಸಲ ಮೌನ, ನಾಲ್ಕನೆಯ ಸಲ ವಿರೋಧ. ಗುಂಪಿನಲ್ಲಿ ಈ ಪಾಠ ಮಾಡುವುದಾದರೆ ಈ ನಾಲ್ಕು ಜಾಗಗಳನ್ನು ಒಬ್ಬೊಬ್ಬರಿಂದ ಗಟ್ಟಿಯಾಗಿ ಓದಿಸಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ನೀವು ಅಲ್ಲಿದ್ದಿದ್ದರೆ ಯಾವ ವಚನದಲ್ಲಿ ಬಾಯಿ ಬಿಡುತ್ತಿದ್ದಿರಿ? ಹೆಚ್ಚು ಹೊತ್ತು ಕೊಡಿ ಇದಕ್ಕೆ.

ಎರಡನೆಯದು: ಇದು ನಿಜವಾಗಿ ದುಡುಕೇ, ಅಥವಾ ನನಗೆ ಹಿಡಿಸದ ತೀರ್ಮಾನವೇ?

ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡ ಮೇಲೆ ಮಾತ್ರ ಮುಂದೆ ಹೋಗಿ. ಹಿಡಿಸದ ತೀರ್ಮಾನಗಳು ನೂರು ಇರುತ್ತವೆ. ಎಲ್ಲಕ್ಕೂ ತಕರಾರು ಮಾಡಿದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಸೌಲನ ವಿಷಯದಲ್ಲಿ ಮೂರು ಲಕ್ಷಣ ಎದ್ದು ಕಾಣುತ್ತವೆ. ಒಂದು, ಕೇಳುವುದನ್ನು ಅರ್ಧಕ್ಕೆ ನಿಲ್ಲಿಸಿದ. 19ನೇ ವಚನ ನೋಡಿ. ಯಾಜಕ ದೇವರ ಚಿತ್ತ ಕೇಳಲು ತೊಡಗಿದ್ದ. ಅಷ್ಟರಲ್ಲಿ ಶತ್ರುಗಳ ಪಾಳೆಯದಲ್ಲಿ ಗದ್ದಲ ಜಾಸ್ತಿಯಾಯಿತು. ಸೌಲ ಅವನಿಗೆ ‘ನಿನ್ನ ಕೈ ತೆಗೆ’ ಅಂದುಬಿಟ್ಟ. ನನಗೆ ಇಡೀ ಅಧ್ಯಾಯದಲ್ಲಿ ಮನಸ್ಸಿಗೆ ನಾಟುವ ಜಾಗ ಇದೇ. ಆಣೆಯ ತಪ್ಪು ಆಣೆಗಿಂತ ಮುಂಚೆಯೇ ಶುರುವಾಗಿದೆ. ಎರಡು, ಆಣೆಯ ತುಂಬ ‘ನಾನು’, ‘ನನ್ನ ಶತ್ರುಗಳು’. ಬೆಳಗ್ಗೆ ಯೋನಾತಾನ ಬಂಡೆ ಹತ್ತುವಾಗ ಆಡಿದ ಮಾತಿನಲ್ಲಿ ಯೆಹೋವನ ಹೆಸರಿತ್ತು. ಜನ ಜಾಸ್ತಿಯಿರಲಿ ಕಡಿಮೆಯಿರಲಿ, ಬಿಡಿಸುವುದಕ್ಕೆ ಆತನಿಗೆ ಅಡ್ಡಿಯಿಲ್ಲ ಅಂದಿದ್ದ. ಅಪ್ಪನ ಮಾತಿನಲ್ಲಿ ಅದು ಮುಯ್ಯಿಯ ಲೆಕ್ಕ ಆಯಿತು. ಮೂರು, ಭಾರ ಬಿದ್ದದ್ದು ತೀರ್ಮಾನದಲ್ಲಿ ಪಾಲಿಲ್ಲದವರ ಮೇಲೆ. ಓಡಿ ಓಡಿ ಸುಸ್ತಾದವರು ಸಿಪಾಯಿಗಳು. ಯೋನಾತಾನನಂತೂ ಅದನ್ನು ಕೇಳಿಯೇ ಇರಲಿಲ್ಲ.

ನಿಮ್ಮ ಮುಂದಿರುವ ತೀರ್ಮಾನಕ್ಕೆ ಈ ಮೂರನ್ನೂ ಹಿಡಿದು ನೋಡಿ. ಒಂದೂ ಹೊಂದದಿದ್ದರೆ ಬಹುಶಃ ಅದು ಬರೀ ಅಭಿಪ್ರಾಯ ಭೇದ. ಒಂದು ಸಲ ಹೇಳಿ, ಬಿಟ್ಟುಬಿಡಿ.

ಇಲ್ಲೇ ಇನ್ನೊಂದು ಮಾತು ಹೇಳಲೇಬೇಕು. ಹಣದ ವಂಚನೆ, ಹೆಣ್ಣುಮಕ್ಕಳ ಅಥವಾ ಮಕ್ಕಳ ಮೇಲೆ ದೌರ್ಜನ್ಯ, ಇವು ದುಡುಕು ಅಲ್ಲ, ಅಪರಾಧ. ಅದಕ್ಕೆ ಈ ಲೇಖನದ ಮೆತ್ತಗಿನ ದಾರಿ ಹಿಡಿಯಬೇಡಿ. ಪೊಲೀಸರಿಗೆ ಹೇಳಿ. ಮಕ್ಕಳ ವಿಷಯವಾದರೆ 1098ಕ್ಕೆ ಫೋನ್ ಮಾಡಿ. ನಾತಾನ ಪ್ರವಾದಿ ರಾಜ ದಾವೀದನ ಮುಖಕ್ಕೇ ‘ಆ ಮನುಷ್ಯ ನೀನೇ’ ಅಂದದ್ದು ಇಂಥ ಪಾಪಕ್ಕೆ.

ಮೂರನೆಯದು: ಬೇಗ ಹೇಳಿ

ಜನ 45ನೇ ವಚನದಲ್ಲಿ ಆಡಿದ ಮಾತು ತುಂಬ ಒಳ್ಳೆಯದು. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ಅಷ್ಟು ಹೊತ್ತಿಗೆ ನಷ್ಟ ಆಗಿಹೋಗಿತ್ತು. ಸೈನ್ಯ ಸುಸ್ತಾಗಿತ್ತು, ರಕ್ತ ಸಮೇತ ತಿಂದ ಪಾಪ ಆಗಿತ್ತು, ಅಪ್ಪ ಮಗನ ನಡುವೆ ಸಾವಿನ ಮಾತು ಬಂದಾಗಿತ್ತು. 46ನೇ ವಚನದಲ್ಲಿ ಸೌಲ ಫಿಲಿಷ್ಟಿಯರನ್ನು ಬೆನ್ನಟ್ಟುವುದನ್ನು ಬಿಟ್ಟು ವಾಪಸ್ ಹೋಗುತ್ತಾನೆ, ಅವರು ತಮ್ಮ ಊರಿಗೆ ಹೋಗುತ್ತಾರೆ. ಪೂರ್ತಿ ಆಗಬೇಕಿದ್ದ ಗೆಲುವು ಅರ್ಧಕ್ಕೆ ನಿಂತಿತು.

‘ನಿಮ್ಮ ಇಷ್ಟ, ನೀವು ಹೇಳಿದ ಹಾಗೆ’ ಅನ್ನುವುದು ನಮ್ಮ ಮೀಟಿಂಗುಗಳಲ್ಲೂ ತುಂಬ ಸಲೀಸಾಗಿ ಬರುವ ಮಾತು. ಕೇಳಲು ವಿನಯವಾಗಿರುತ್ತದೆ. ಆಮೇಲೆ ಹೊರಗೆ ಬಂದು, ಚಪ್ಪಲಿ ಹಾಕಿಕೊಳ್ಳುವಾಗ, ಬೈಕ್ ಪಕ್ಕ ನಿಂತಾಗ ನಿಜವಾದ ಮಾತು ಶುರುವಾಗುತ್ತದೆ. ಅದನ್ನು ಒಳಗೇ, ತೀರ್ಮಾನ ಹಸಿಯಾಗಿರುವಾಗಲೇ ಹೇಳಿ. ಪೂರ್ತಿ ವಾದ ತಯಾರಿಲ್ಲದಿದ್ದರೂ ಪರವಾಗಿಲ್ಲ. ‘ಇದನ್ನು ಇವತ್ತೇ ಗಟ್ಟಿ ಮಾಡುವುದು ಬೇಡ, ಮುಂದಿನ ಮೀಟಿಂಗಿಗೆ ಇಡೋಣ’ ಅಂದರೂ ಸಾಕು.

36ನೇ ವಚನದಲ್ಲಿ ಯಾಜಕ ಮಾಡಿದ್ದು ಹೆಚ್ಚು ಕಡಿಮೆ ಇದನ್ನೇ. ಎಲ್ಲರೂ ‘ನಿಮ್ಮ ಇಷ್ಟ’ ಅಂದಾಗ ಅವನೊಬ್ಬ, ಮೊದಲು ದೇವರ ಹತ್ತಿರ ಬರೋಣ ಅಂದ. ಬೆಳಗ್ಗೆ ‘ಕೈ ತೆಗೆ’ ಅನ್ನಿಸಿಕೊಂಡ ಮೇಲೂ ಹೇಳಿದ. ಅಷ್ಟೇ ಮಾತಿಗೆ ರಾತ್ರಿಯ ದಾಳಿ ನಿಂತಿತು. ಈ ಯಾಜಕನ ಬಗ್ಗೆ ಯಾರೂ ಪ್ರಸಂಗ ಮಾಡುವುದನ್ನು ನಾನು ಕೇಳಿಲ್ಲ. ಮಾಡಬೇಕು.

ನಾಲ್ಕನೆಯದು: ಹೇಳಬೇಕಾದವರಿಗೇ ಹೇಳಿ

ಯೋನಾತಾನನ ಮಾತು ನೂರಕ್ಕೆ ನೂರು ನಿಜ. ನನ್ನ ತಂದೆ ದೇಶಕ್ಕೆ ತೊಂದರೆ ತಂದಿದ್ದಾರೆ, ಸ್ವಲ್ಪ ಜೇನಿಗೇ ನನ್ನ ಕಣ್ಣು ಹೇಗೆ ಕಳೆಗಟ್ಟಿತು ನೋಡಿ, ಜನ ಹೊಟ್ಟೆ ತುಂಬ ತಿಂದಿದ್ದರೆ ಗೆಲುವು ಇನ್ನೆಷ್ಟು ದೊಡ್ಡದಾಗುತ್ತಿತ್ತು ಅಂದ. ಕಾರಣ ಇದೆ, ಸಾಕ್ಷಿ ಇದೆ. ಆದರೆ ಅದನ್ನು ಹೇಳಿದ್ದು ಸಿಪಾಯಿಗಳ ಮುಂದೆ. ಅಪ್ಪನ ಹತ್ತಿರ ಹೋಗಿ ಈ ಮಾತು ಹೇಳಿದ ಅಂತ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ದೂರ ಇದ್ದ, ಯುದ್ಧ ನಡೆಯುತ್ತಿತ್ತು, ಸಮಯ ಇರಲಿಲ್ಲ ಅಂತ ಅವನ ಪರ ವಾದ ಮಾಡಬಹುದು. ನಾನೂ ಮಾಡುತ್ತೇನೆ. ಆದರೂ ಆ ಮಾತಿನಿಂದ ಸುಸ್ತಾದವರಿಗೆ ಊಟವೂ ಸಿಗಲಿಲ್ಲ, ಆಣೆಯೂ ಬದಲಾಗಲಿಲ್ಲ.

ಅದೇ ಯೋನಾತಾನ 19ನೇ ಅಧ್ಯಾಯದಲ್ಲಿ ಬೇರೆ ಥರ ನಡೆದುಕೊಳ್ಳುತ್ತಾನೆ. ಸೌಲ, ಆಗಿನ್ನೂ ರಾಜನಾಗಿರದ ದಾವೀದನನ್ನು ಕೊಲ್ಲಬೇಕು ಅಂತಿದ್ದಾಗ ಹೊಲದಲ್ಲಿ ಅಪ್ಪನ ಪಕ್ಕದಲ್ಲೇ ನಿಂತು ಮಾತಾಡುತ್ತಾನೆ. ದಾವೀದ ನಿಮಗೆ ಕೆಟ್ಟದ್ದು ಮಾಡಿಲ್ಲ, ಪ್ರಾಣ ಪಣಕ್ಕಿಟ್ಟು ಆ ಫಿಲಿಷ್ಟಿಯ ಗೊಲ್ಯಾತನನ್ನು ಕೊಂದ, ನೀವೂ ನೋಡಿ ಸಂತೋಷಪಟ್ಟಿರಿ, ಈಗ ಕಾರಣ ಇಲ್ಲದೆ ಯಾಕೆ ನಿರಪರಾಧಿಯ ರಕ್ತ? ಸೌಲ ಕೇಳಿದ. ದಾವೀದನನ್ನು ಕೊಲ್ಲುವುದಿಲ್ಲ ಅಂತ ಆಣೆ ಮಾಡಿದ. ಆ ಆಣೆ ಬಹಳ ದಿನ ಬಾಳಲಿಲ್ಲ, ನಿಜ. ಆದರೂ ದಾವೀದ ಸ್ವಲ್ಪ ಕಾಲವಾದರೂ ಅರಮನೆಗೆ ಮರಳಿದ. ‘ನೀವೂ ನೋಡಿ ಸಂತೋಷಪಟ್ಟಿರಿ’ ಅನ್ನುವುದನ್ನು ಗಮನಿಸಿ. ಕೇಳುವವನ ಒಳ್ಳೆಯ ದಿನವನ್ನು ಅವನಿಗೇ ನೆನಪು ಮಾಡಿಕೊಟ್ಟ.

ಈಗಿನ ಕಾಲಕ್ಕೆ ಹೇಳುವುದಾದರೆ: ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವ ಮೊದಲು ಅವರ ಮನೆಗೆ ಹೋಗಿ.

ಐದನೆಯದು: ಹೊತ್ತು ನೋಡಿ, ಬರಿಗೈಯಲ್ಲಿ ಹೋಗಬೇಡಿ

ಇದಕ್ಕೆ ಗುರು ಅಬೀಗೈಲಳು. 1 ಸಮುವೇಲ 25. ಅವಳ ಗಂಡ ನಾಬಾಲನಿಗೆ 3000 ಕುರಿ, 1000 ಆಡು. ಉಣ್ಣೆ ಕತ್ತರಿಸುವ ಹಬ್ಬ ನಡೆದಿತ್ತು. ಅವನ ಕುರುಬರಿಗೆ ಕಾಡಿನಲ್ಲಿ ಕಾವಲಾಗಿದ್ದವರು ದಾವೀದನ ಕಡೆಯವರು. ಅದೇ ದಾವೀದ ಹತ್ತು ಹುಡುಗರನ್ನು ಕಳಿಸಿ ಏನಾದರೂ ಕೊಡಿ ಅಂತ ಕೇಳಿದ. ನಾಬಾಲ, ದಾವೀದ ಯಾರು, ಇಷಯನ ಮಗ ಯಾರು ಅಂತ ಅವಮಾನ ಮಾಡಿ ಕಳಿಸಿದ. ದಾವೀದನಿಗೆ ನೆತ್ತಿಗೇರಿತು. 400 ಜನಕ್ಕೆ ಕತ್ತಿ ಕಟ್ಟಿಸಿ ಹೊರಟ. ಬೆಳಗಾಗುವುದರೊಳಗೆ ಆ ಮನೆಯ ಒಬ್ಬ ಗಂಡಸನ್ನೂ ಉಳಿಸುವುದಿಲ್ಲ ಅಂತ ಆಣೆ. ಇಲ್ಲೂ ಆಣೆಯೇ! ಸೌಲನಿಗೂ ದಾವೀದನಿಗೂ ಈ ವಿಷಯದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಆದದ್ದು ದಾರಿಗೆ ಅಡ್ಡ ಬಂದವಳಿಂದ.

ಅಬೀಗೈಲಳಿಗೆ ಸುದ್ದಿ ತಂದದ್ದು ಮನೆಯ ಒಬ್ಬ ಆಳು. ಅವನ ಧೈರ್ಯವನ್ನೂ ಮರೆಯಬೇಡಿ. ನಮ್ಮ ಯಜಮಾನರ ಹತ್ತಿರ ಮಾತಾಡುವ ಹಾಗೇ ಇಲ್ಲ ಅಂದ ಅವನು. ಯಾರ ಮಾತನ್ನೂ ಕೇಳದವರ ಮನೆಯಲ್ಲಿ ಯಾರ ಕಿವಿಗೆ ಹಾಕಬೇಕು ಅಂತ ಅವನಿಗೆ ಗೊತ್ತಿತ್ತು.

ಅವಳು ಕತ್ತೆಗಳ ಮೇಲೆ ಹೇರಿಸಿದ್ದು 200 ರೊಟ್ಟಿ, ಎರಡು ಬುದ್ದಲಿ ದ್ರಾಕ್ಷಾರಸ, ಅಡಿಗೆ ಮಾಡಿದ ಐದು ಕುರಿ, ಹುರಿದ ಕಾಳು, 100 ಗೊಂಚಲು ಒಣದ್ರಾಕ್ಷಿ, 200 ಅಂಜೂರದ ಉಂಡೆ. ಮೊದಲು ಅದನ್ನು ಮುಂದೆ ಕಳಿಸಿದಳು, ಹಿಂದೆ ತಾನು ಹೋದಳು. ಅಂದರೆ ಮಾತು ಶುರುವಾಗುವ ಮುಂಚೆಯೇ ಪರಿಹಾರ ದಾವೀದನ ಕಣ್ಣ ಮುಂದಿತ್ತು. ಅವನು ಕೇಳಿದ್ದು ಊಟ, ಊಟ ಬಂತು. ಬರೀ ‘ಕೊಲ್ಲಬೇಡಿ’ ಅಂದಿದ್ದರೆ ಹಸಿದ 400 ಜನರನ್ನು ಅವನು ಏನು ಮಾಡಬೇಕಿತ್ತು?

ದಾವೀದನ ಹತ್ತಿರ ಹೋಗಲು ಅವಳು ಒಂದು ಗಳಿಗೆಯೂ ತಡಮಾಡಲಿಲ್ಲ. ಆದರೆ ಮನೆಗೆ ಬಂದಾಗ ನಾಬಾಲ ರಾಜರ ಹಾಗೆ ಔತಣ ಮಾಡಿ ಚೆನ್ನಾಗಿ ಕುಡಿದಿದ್ದ. ಅವನಿಗೆ ಆ ರಾತ್ರಿ ಒಂದು ಮಾತೂ ಹೇಳಲಿಲ್ಲ. ಬೆಳಗ್ಗೆ, ಅಮಲಿಳಿದ ಮೇಲೆ ಹೇಳಿದಳು. ಒಂದೇ ದಿನದಲ್ಲಿ ಒಬ್ಬರಿಗೆ ತಕ್ಷಣ, ಇನ್ನೊಬ್ಬರಿಗೆ ಕಾದು. ಎಷ್ಟು ಬೇಗ ಹೇಳಬೇಕು ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಕೈ ಕತ್ತಿಯ ಮೇಲಿದ್ದರೆ ಈಗಲೇ. ಕೇಳುವ ಸ್ಥಿತಿಯಲ್ಲೇ ಇಲ್ಲದಿದ್ದರೆ, ಅಷ್ಟರಲ್ಲಿ ಅನಾಹುತ ಆಗುವ ಹಾಗಿಲ್ಲದಿದ್ದರೆ, ಬೆಳಗ್ಗೆ.

ಬರಿಗೈಯಲ್ಲಿ ಹೋಗದವನು ಇನ್ನೊಬ್ಬ ದಾನಿಯೇಲ. ಬಾಬೆಲಿನಲ್ಲಿ ರಾಜನ ಊಟ ಬೇಡ ಅನ್ನಬೇಕಿತ್ತು. ಮೇಲಧಿಕಾರಿ, ನೀವು ಸೊರಗಿದರೆ ನನ್ನ ತಲೆ ಹೋಗುತ್ತದೆ ಅಂದ. ದಾನಿಯೇಲ ಆ ಭಯವನ್ನು ತಳ್ಳಿಹಾಕಲಿಲ್ಲ. ಉಸ್ತುವಾರಿ ನೋಡುವವನ ಹತ್ತಿರ ಹೋಗಿ, ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನಿಮಗೆ ಕಂಡ ಹಾಗೆ ಮಾಡಿ ಅಂದ. ಚಿಕ್ಕ ಅವಧಿ, ಕಣ್ಣಿಗೆ ಕಾಣುವ ಪರೀಕ್ಷೆ, ಕೊನೆಯ ಮಾತು ಅವರದೇ. ಕಮಿಟಿಯಲ್ಲಿ ಇದು ತುಂಬ ಕೆಲಸಕ್ಕೆ ಬರುತ್ತದೆ.

ಆರನೆಯದು: ಮಾತನ್ನು ಮೊದಲೇ ಜೋಡಿಸಿಕೊಳ್ಳಿ

ಒಂದು ಸನ್ನಿವೇಶ ಅಂದುಕೊಳ್ಳೋಣ. ಭಾನುವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಇಬ್ಬರು ಹುಡುಗರು ಜಗಳ ಆಡಿದರು. ಪಾಸ್ಟರ್ ಸಿಟ್ಟಿನಲ್ಲಿ ಎಲ್ಲರ ಮುಂದೆ ‘ಕ್ರಿಸ್‌ಮಸ್ ತನಕ ಯೂತ್ ಬಂದ್’ ಅಂದುಬಿಟ್ಟರು. ನೀವು ಕಮಿಟಿಯಲ್ಲಿದ್ದೀರಿ. ಸೋಮವಾರ ಸಂಜೆ ಅವರ ಮನೆಗೆ ಹೋಗುತ್ತೀರಿ. ಹೀಗೆ ಮಾತಾಡಬಹುದು:

‘ಪಾಸ್ಟರ್, ನಿನ್ನೆ ನಿಮಗೆ ತುಂಬ ಬೇಜಾರಾಯ್ತು ಅಂತ ಗೊತ್ತು. ಆ ಇಬ್ಬರು ಮಾಡಿದ್ದು ತಪ್ಪೇ, ನಾನೂ ಅಲ್ಲಿದ್ದು ಮೊದಲೇ ತಡೀಬೇಕಿತ್ತು. ಒಂದು ಮಾತು ಹೇಳಲಾ? ಯೂತ್ ನಿಲ್ಲಿಸಿದರೆ ಏನೂ ಮಾಡದ ಮಕ್ಕಳೂ ಭಾನುವಾರ ಸಂಜೆ ಬೇರೆ ಕಡೆ ಹೋಗ್ತಾರೆ ಅಂತ ನನಗೆ ಹೆದರಿಕೆ. ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರ್ಕೊಂಡು ಬಂದವರು ನೀವೇ. ಎರಡು ವಾರ ಟೈಮ್ ಕೊಡಿ. ನಾನು, ಸೆಕ್ರೆಟರಿ ಅಂಕಲ್ ಆ ಇಬ್ಬರ ಮನೆಗೂ ಹೋಗಿ ಮಾತಾಡ್ತೀವಿ. ಮೀಟಿಂಗಿಗೆ ನಮ್ಮಲ್ಲಿ ಒಬ್ಬರು ಬಂದು ಕೂತ್ಕೊಳ್ತೀವಿ. ಆಮೇಲೂ ನಿಮಗೆ ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸಿ.’

ಇದರ ಹಿಂದೆ ಅಬೀಗೈಲಳ ಮಾತಿನ ಕ್ರಮವೇ ಇದೆ. ಅವಳು ಮೊದಲು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು: ನಿಮ್ಮ ಹುಡುಗರು ಬಂದಾಗ ನಾನು ನೋಡಲಿಲ್ಲ. ಆಮೇಲೆ ದಾವೀದನ ಮುಂದಿನ ದಿನಗಳ ಮಾತು ತೆಗೆದಳು. ನಾಳೆ ಯೆಹೋವನು ನಿಮ್ಮನ್ನು ಇಸ್ರಾಯೇಲಿನ ಮೇಲೆ ನಾಯಕರಾಗಿ ನೇಮಿಸಿದಾಗ, ಸುಮ್ಮನೆ ರಕ್ತ ಸುರಿಸಿದೆ ಅನ್ನುವ ನೋವು ನಿಮ್ಮ ಮನಸ್ಸನ್ನು ಕೊರೆಯಬಾರದು. ‘ನೀವು ಕೆಟ್ಟವರು’ ಅನ್ನಲಿಲ್ಲ. ‘ಇದು ನಿಮಗೆ ತಕ್ಕದ್ದಲ್ಲ’ ಅಂದಳು. ಕುಷ್ಠ ಹಿಡಿದಿದ್ದ ಅರಾಮ್ಯರ ಸೇನಾಪತಿ ನಾಮಾನನ ಸೇವಕರೂ ಅಷ್ಟೇ. ವಾಸಿಯಾಗಲು ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗು ಅಂತ ಪ್ರವಾದಿ ಅಂದದ್ದಕ್ಕೆ ಅವನು ಸಿಟ್ಟಾಗಿ ಹೊರಟಾಗ ‘ಅಪ್ಪಾ’ ಅಂತಲೇ ಶುರು ಮಾಡಿದರು. ಪ್ರವಾದಿ ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಲ್ಲವೇ, ಇದು ಇಷ್ಟು ಸಣ್ಣದು ಅಂತ ಕೇಳಿದರು. ಒಂದೇ ಪ್ರಶ್ನೆ. ಸೇನಾಪತಿ ನದಿಗೆ ಇಳಿದ.

ಹೊಗಳಿಕೆ ಸುಳ್ಳಾಗಿರಬಾರದು. ಆ ಪಾಸ್ಟರ್ ನಿಜವಾಗಿ ಮಕ್ಕಳನ್ನು ಕರೆತಂದಿದ್ದರೆ ಮಾತ್ರ ಹಾಗೆ ಹೇಳಿ. ನಾಟಕ ಅಂತ ಅವರಿಗೆ ಅನ್ನಿಸಿತೋ, ಆ ಬಾಗಿಲು ಮುಚ್ಚಿತು.

ಏಳನೆಯದು: ಒಬ್ಬರಿಂದ ಆಗದಿದ್ದರೆ ಒಟ್ಟಿಗೆ ನಿಲ್ಲಿ

45ನೇ ವಚನಕ್ಕೆ ಈಗ ಬರೋಣ. ಜನ ಏನಂದರು? ಇಸ್ರಾಯೇಲಿಗೆ ಇಷ್ಟು ದೊಡ್ಡ ಬಿಡುಗಡೆ ತಂದ ಯೋನಾತಾನ ಸಾಯಬೇಕೇ? ಎಂದಿಗೂ ಆಗದು. ಯೆಹೋವನಾಣೆ, ಅವನ ತಲೆಯ ಒಂದು ಕೂದಲೂ ನೆಲಕ್ಕೆ ಬೀಳಬಾರದು. ದೇವರ ಸಹಾಯದಿಂದಲೇ ಅವನು ಈ ದಿನ ಕೆಲಸ ಮಾಡಿದ್ದಾನೆ.

ಇದರಲ್ಲಿ ಸೌಲನ ಬಗ್ಗೆ ಒಂದು ಕೆಟ್ಟ ಮಾತೂ ಇಲ್ಲ. ಸಿಂಹಾಸನದ ಮಾತು ಇಲ್ಲ. ‘ಹಸಿವಿಗೆ ನೀವೇ ಕಾರಣ’ ಅಂತ ಹಳೆಯದನ್ನು ಕೆದಕಲಿಲ್ಲ, ಕೆದಕುವುದಕ್ಕೆ ಬೇಕಾದಷ್ಟಿತ್ತು. ಎಲ್ಲರೂ ನೋಡಿದ ಒಂದು ಸತ್ಯವನ್ನು ಮುಂದಿಟ್ಟರು, ಸೌಲನೂ ನಂಬುವ ದೇವರ ಹೆಸರು ಹಿಡಿದರು, ಯಾವುದಕ್ಕೆ ಬಿಡುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ಕೇಳಿದ್ದು ಒಂದೇ, ಒಂದು ಜೀವ. ಅದು ಸಿಕ್ಕಿತು.

ಆದ್ದರಿಂದ ಒಟ್ಟಿಗೆ ಹೋಗುವಾಗ ಒಂದೇ ವಿಷಯ ಹಿಡಿದು ಹೋಗಿ. ಐದು ಜನ ಐದು ಹಳೇ ಲೆಕ್ಕ ತಂದರೆ ಮುಖಂಡರಿಗೆ ಅದು ಮುತ್ತಿಗೆಯ ಹಾಗೆ ಕಾಣುತ್ತದೆ. ಯಾರು ಮಾತಾಡುವುದು ಅಂತ ಮೊದಲೇ ತೀರ್ಮಾನಿಸಿ. ಬೇರೆಯವರು ಕೂತಿರಲಿ, ಸಾಕು.

ಕೇಳದಿದ್ದರೆ?

ಕೇಳದಿರುವುದೂ ಉಂಟು. ದಾವೀದ ಜನಗಣತಿ ಮಾಡಿಸಲು ಹೊರಟಾಗ ಅವನ ಸೇನಾಪತಿ ಯೋವಾಬ ಬೇಡ ಅಂದ. ಜನರನ್ನು ದೇವರು ನೂರು ಪಟ್ಟು ಹೆಚ್ಚಿಸಲಿ, ಆದರೆ ನನ್ನ ಒಡೆಯನಿಗೆ ಈ ಆಸೆ ಯಾಕೆ ಅಂತ ಕೇಳಿದ. ಯೋವಾಬ ಅಂಥ ಮೆದು ಮನುಷ್ಯನೇನಲ್ಲ, ಅವನ ಕೈಯಲ್ಲೂ ರಕ್ತ ಇತ್ತು. ಆದರೂ ಆ ದಿನ ಅವನು ಕೇಳಿದ ರೀತಿ ಸರಿಯಾಗಿತ್ತು. ರಾಜನ ಮಾತೇ ಗೆದ್ದಿತು. ಎಣಿಕೆಗೆ ಒಂಬತ್ತು ತಿಂಗಳು ಇಪ್ಪತ್ತು ದಿನ ಹಿಡಿಯಿತು. ಆಮೇಲೆ ವ್ಯಾಧಿ ಬಂದು 70,000 ಜನ ಸತ್ತರು ಅಂತ 2 ಸಮುವೇಲ 24 ಹೇಳುತ್ತದೆ.

ಇಂಥ ಕಡೆ ಎರಡು ಥರದ ತೀರ್ಮಾನಗಳನ್ನು ಬೇರೆ ಮಾಡಿ ನೋಡಬೇಕು. ಅವಿವೇಕದ ತೀರ್ಮಾನ, ಆದರೆ ಮಾಡಿದರೆ ಪಾಪವಲ್ಲ ಅನ್ನುವಂಥದ್ದು ಒಂದು. ಅದಾದರೆ ನಿಮ್ಮ ಮಾತನ್ನು ಮಿನಿಟ್ಸ್‌ನಲ್ಲಿ ಬರೆಸಿ, ಆಮೇಲೆ ಕೆಲಸಕ್ಕೆ ಕೈ ಜೋಡಿಸಿ. ಹಾಳಾಗಲಿ ಅಂತ ಕಾದು ಕೂರಬೇಡಿ. ಇನ್ನೊಂದು, ನಿಮ್ಮ ಕೈಯಿಂದಲೇ ಅನ್ಯಾಯ ಮಾಡಿಸುವಂಥದ್ದು. ಅದಕ್ಕೆ 1 ಸಮುವೇಲ 22 ನೋಡಿ. ದಾವೀದನಿಗೆ ಸಹಾಯ ಮಾಡಿದರು ಅಂತ ನೋಬ್ ಊರಿನ ಯಾಜಕರನ್ನು ಕೊಲ್ಲಿ ಎಂದು ಸೌಲ ತನ್ನ ಕಾವಲುಗಾರರಿಗೆ ಹೇಳಿದ. ಅವರು ಕೈ ಎತ್ತಲಿಲ್ಲ. ಕೂಗಾಡಲಿಲ್ಲ, ರಾಜನ ಮೇಲೆ ಬೀಳಲೂ ಇಲ್ಲ, ಸುಮ್ಮನೆ ನಿಂತರು. ಕೆಲಸ ನಿಲ್ಲಲಿಲ್ಲ, ದೋಯೇಗ ಎಂಬವನು ಮುಂದೆ ಬಂದು 85 ಯಾಜಕರನ್ನು ಕೊಂದ. ಕಾವಲುಗಾರರ ನಿರಾಕರಣೆಯಿಂದ ಆ ಜೀವಗಳು ಉಳಿಯಲಿಲ್ಲ ಅಂತ ನೆನೆದರೆ ಸಂಕಟವಾಗುತ್ತದೆ. ಆದರೂ ಅವರು ಮಾಡಿದ್ದೇ ಸರಿ. ಅಂಥ ಆದೇಶಕ್ಕೆ ನಮ್ಮ ಕೈ ಸಿಗಬಾರದು.

ಕುರ್ಚಿಯಲ್ಲಿ ನೀವೇ ಇದ್ದರೆ

ಇದನ್ನು ಓದುವವರಲ್ಲಿ ಪಾಸ್ಟರುಗಳು, ಅಧ್ಯಕ್ಷರು, ಮನೆಯ ಯಜಮಾನರು ಇದ್ದೇ ಇರುತ್ತೀರಿ. ನಿಮ್ಮ ಬಾಯಿಂದ ಮಾತು ಜಾರಿಬಿಟ್ಟಿದೆ, ಎಲ್ಲರೂ ಕೇಳಿದ್ದಾರೆ, ಈಗ ಹಿಂದಕ್ಕೆ ತೆಗೆದುಕೊಂಡರೆ ಮುಖ ಹೋಗುತ್ತದೆ ಅನ್ನುವ ಭಯ. ಸೌಲನನ್ನು ಹಿಡಿದಿಟ್ಟದ್ದು ಇದೇ ಇರಬೇಕು. ಆದರೆ ಮೋಶೆಯ ನಿಯಮದಲ್ಲೇ ಇದಕ್ಕೆ ದಾರಿ ಇತ್ತು. ಯಾಜಕಕಾಂಡ 5ನೇ ಅಧ್ಯಾಯ, 4ರಿಂದ 6ನೇ ವಚನ ತೆಗೆಯಿರಿ. ಯೋಚನೆ ಮಾಡದೆ ಆಣೆ ಇಟ್ಟವನಿಗೆ ಆಮೇಲೆ ಅದರ ಅರಿವಾದರೆ, ಅವನು ತಪ್ಪನ್ನು ಅರಿಕೆ ಮಾಡಬೇಕು, ಯಜ್ಞಕ್ಕೆ ಕುರಿ ಅಥವಾ ಆಡು ತರಬೇಕು. ಒಂದು ಹೆಣ್ಣು ಕುರಿ ಸಾಕಾಗುವ ಕಡೆ ಸೌಲ ಮಗನ ಪ್ರಾಣ ಕೊಡಲು ಹೊರಟಿದ್ದ.

ಟೈಮ್ ತೆಗೆದುಕೊಳ್ಳುವುದು ಒಳ್ಳೆಯದು, ಆದರೆ ಅಷ್ಟೇ ಸಾಲದು. ನಮ್ಮ ಭಾರ ಕಡಿಮೆ ಮಾಡಿ ಅಂತ ಜನ ಕೇಳಿದಾಗ ಸೊಲೊಮೋನನ ಮಗ ರಾಜ ರೆಹಬ್ಬಾಮ ಉತ್ತರ ಕೊಡಲು ಮೂರು ದಿನ ತೆಗೆದುಕೊಂಡ. ಹಿರಿಯರು ಜನರಿಗೆ ಒಳ್ಳೆಯ ಮಾತು ಹೇಳು ಅಂದರು. ಜೊತೆಯಲ್ಲಿ ಬೆಳೆದವರು ಅವನಿಗೆ ಹಿತವಾಗುವ ಹಾಗೆ ಇನ್ನೂ ಬಿಗಿ ಮಾಡು ಅಂದರು. ಅವನು ಎರಡನೆಯವರ ಮಾತು ಕೇಳಿ ಹತ್ತು ಕುಲಗಳನ್ನು ಕಳೆದುಕೊಂಡ. ನಿಮಗೆ ಹಿತವಾಗದ್ದನ್ನು ಹೇಳುವವರು ಒಬ್ಬರಾದರೂ ಆ ಮೂರು ದಿನದಲ್ಲಿ ನಿಮ್ಮ ಹತ್ತಿರ ಕೂತಿರಬೇಕು. ಅವರನ್ನು ನೀವೇ ಕರೆಯಿರಿ.

ಯಾರಾದರೂ ಬಂದು ‘ಇದು ಬೇಡ’ ಅಂದಾಗ ಏನು ಹೇಳುವುದು ಅಂತ ತೋಚದಿದ್ದರೆ, ದಾವೀದ ಅಬೀಗೈಲಳಿಗೆ ಕೊಟ್ಟ ಉತ್ತರವನ್ನೇ ಹಿಡಿಯಿರಿ. ಅವನು ಮೊದಲು ನಿನ್ನನ್ನು ಕಳಿಸಿದ ದೇವರಿಗೆ ಸ್ತೋತ್ರ ಅಂದ. ಆಮೇಲೆ ನಿನ್ನ ವಿವೇಕಕ್ಕೆ, ನಿನಗೆ ಆಶೀರ್ವಾದ ಅಂದ. ನನ್ನ ಕೈಯಾರೆ ರಕ್ತ ಸುರಿಸುವುದನ್ನು ನೀನು ಈ ದಿನ ತಡೆದೆ ಅಂತ, ತಾನು ಮಾಡಲು ಹೊರಟಿದ್ದನ್ನು ಮುಚ್ಚಿಡದೆ ಹೇಳಿದ. ಅವಳು ತಂದದ್ದನ್ನು ತೆಗೆದುಕೊಂಡ. ಸಮಾಧಾನದಿಂದ ಮನೆಗೆ ಹೋಗು, ನಿನ್ನ ಮಾತು ಕೇಳಿದ್ದೇನೆ ಅಂದ. ಇದೆಲ್ಲ ಕತ್ತಿ ಕಟ್ಟಿಕೊಂಡು ಹಿಂದೆ ನಿಂತಿದ್ದ 400 ಜನರ ಮುಂದೆ. ನೀವೂ ಎಲ್ಲರ ಮುಂದೆ ಹೇಳಿದ್ದನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಿ. ‘ಹೋದ ಭಾನುವಾರ ಸಿಟ್ಟಿನಲ್ಲಿ ಹೇಳಿದೆ. ಕಮಿಟಿಯವರು ಬಂದು ಮಾತಾಡಿದರು, ಅವರು ಹೇಳಿದ್ದು ಸರಿ. ಯೂತ್ ಎಂದಿನಂತೆ ಸಂಜೆ ಐದಕ್ಕೆ ಇರುತ್ತದೆ’ ಅಂದರೆ ಆಯಿತು.